ಚಿಕ್ಕಪ್ಪನ ಹಿತ್ತಾಳೆ ಬಿಲ್ಲೆ

ನಮ್ಮ ಕಾಲದಲ್ಲಿ ಊರು ನೋಡಬೇಕೆಂದರೆ ಆ ಊರಲ್ಲಿ ನೆಂಟರಿರಬೇಕಿತ್ತು, ಮಕ್ಕಳೇ. ಮೊಮ್ಮಗಳು ಪಲ್ಲವಿ ಕಾಲೇಜಿನವರ ಜೊತೆ ಸ್ಪೇನ್ ದೇಶದ ಯಾವುದೋ ಹಳೇ ಕೋಟೆ ಊರಿಗೆ ಹೋಗಿ, ಮೂರು ದಿನ ಸುತ್ತಿ, ಅಲ್ಲಿಯ ಹೆಬ್ಬಾಗಿಲಿನದೊಂದು ಪುಟ್ಟ ಗೊಂಬೆ ತಂದು ನಮ್ಮ ಫ್ರಿಜ್ಜಿಗೆ ಅಂಟಿಸಿದ್ದಾಳೆ. “ಅಜ್ಜಿ, ಚಿಕ್ಕವಳಿದ್ದಾಗ ನೀನು ಎಲ್ಲಿಗೆ ಟೂರ್ ಹೋಗಿದ್ದೆ?” ಎಂದು ಕೇಳಿದಳು. ಎದುರಿಗೆ ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೋಗಿದ್ದು ಕೆ.ಜಿ.ಎಫ್.ಗೆ, ಎರಡು ದಿನಕ್ಕೆ. ಆಗ ನಾಲ್ಕನೇ ಕ್ಲಾಸು. ಚಿಕ್ಕಪ್ಪ ಅಲ್ಲಿಯ ಕೋರಮಂಡಲ್‌ನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದರು. ಸಂಕ್ರಾಂತಿಗೆ ಹಳ್ಳಿಗೆ ಬಂದವರು, “ಮಗೀನ ಕಳ್ಸಣ್ಣ, ಊರು ತೋರಿಸ್ಕೊಂಡ್ ಬತ್ತೀನಿ” ಎಂದು ಅಪ್ಪನನ್ನು ಒಪ್ಪಿಸಿದರು. ಶಾಲೆಯಲ್ಲಿ ಸುದ್ದಿ ಹಬ್ಬಿತು. ಪಕ್ಕದಲ್ಲಿ ಕೂರುತ್ತಿದ್ದ ರತ್ನ ಮಾತ್ರ ಕಿಸಕ್ಕನೆ ನಕ್ಕಳು.

“ನೀನು ಓಗ್ ಬಂದು ಏನೇ ಮಾಡ್ತೀಯ? ಬಾಯಲ್ಲಿ ಕಡುಬು ಇಟ್ಕೊಂಡೋಳಂಗೆ ಕೂತಿರ್ತೀಯ. ನೋಡ್ದೆ ಅಂದ್ರೆ ಯಾರು ನಂಬ್ತಾರೆ?”

ಅವಳು ಹೇಳಿದ್ದು ಸುಳ್ಳಲ್ಲ. ಮೇಷ್ಟ್ರು ಹಾಜರಿ ಕೂಗಿದರೆ ನನ್ನ ಬದಲು ರತ್ನನೇ ‘ಬಂದವ್ಳೆ ಸಾ’ ಅನ್ನುತ್ತಿದ್ದಳು. ಬಾಯಿ ಬಿಡದೆ ತೋರಿಸಬಹುದಾದ ಏನನ್ನಾದರೂ ತಂದೇ ತರಬೇಕೆಂದು ನಿಶ್ಚಯಿಸಿಕೊಂಡೆ.

ಬಂಗಾರಪೇಟೆಯಲ್ಲಿ ಹೊಗೆ ರೈಲು ಹತ್ತಿದಾಗಿನಿಂದ ನನಗೆ ನೆಲದ ಮೇಲೆ ಕಾಲಿಲ್ಲ. ಕಣ್ಣಿಗೆ ಕಲ್ಲಿದ್ದಲಿನ ಪುಡಿ ಬಿದ್ದರೂ ಕಿಟಕಿ ಬಿಡಲಿಲ್ಲ. ದೂರದಲ್ಲಿ ಒಂದು ಗಿಡವೂ ಇಲ್ಲದ ಬೂದುಬಣ್ಣದ ಗುಡ್ಡಗಳು ಕಂಡವು. “ಅವು ಬೆಟ್ಟ ಅಲ್ಲಮ್ಮಿ. ಕಲ್ಲು ಅರ್ದು, ಚಿನ್ನ ತೆಗ್ದು, ಒರಗಾಕಿರೋ ಮಣ್ಣು” ಎಂದರು ಚಿಕ್ಕಪ್ಪ. ಮನುಷ್ಯರು ಮಾಡಿದ ಬೆಟ್ಟ! ಸಂಜೆ ರಾಬರ್ಟ್‌ಸನ್‌ಪೇಟೆಯಲ್ಲಿ ಒಲೆಯಿಂದ ಆಗಷ್ಟೇ ತೆಗೆದ ಬನ್ನು ಕೊಡಿಸಿದರು. ಕೈ ಸುಡುತ್ತಿತ್ತು. ಆ ವಾಸನೆ ಮೂಗಿನಿಂದ ಹೋಗದಿರಲಿ ಎಂದು ಸ್ವಲ್ಪ ಹೊತ್ತು ಉಸಿರು ಹಿಡಿದಿದ್ದೆ.

ಚಿಕ್ಕಪ್ಪನ ಮನೆ ಗಣಿ ಕೆಲಸದವರ ಲೈನಿನಲ್ಲಿತ್ತು. ಒಂದಕ್ಕೊಂದು ಆತುಕೊಂಡ ಪುಟ್ಟ ಮನೆಗಳು. ಚಿಕ್ಕಮ್ಮ ಮುದ್ದೆ ಕಟ್ಟುತ್ತಿದ್ದಾಗ ನೆಲ ಒಮ್ಮೆ ನಡುಗಿ ಪಾತ್ರೆಗಳು ಗಲಗಲ ಎಂದವು. ಅವರ ಕೈ ಅಲ್ಲೇ ನಿಂತಿತು. “ಒಳಗೆ ಎಲ್ಲೋ ಬಂಡೆ ಸಿಡೀತು” ಎಂದು, ಬಾಗಿಲಲ್ಲಿ ಕೂತಿದ್ದ ಚಿಕ್ಕಪ್ಪನ ಕಡೆ ಒಮ್ಮೆ ನೋಡಿ, ಮತ್ತೆ ಮುದ್ದೆ ತಿರುಗಿಸಿದರು.

ಗೋಡೆಯ ಮೊಳೆಗೆ ಚಿಕ್ಕಪ್ಪನ ಅಂಗಿ, ಅದರ ಪಕ್ಕ ಒಂದು ಹಿತ್ತಾಳೆ ಬಿಲ್ಲೆ. ದುಂಡಗೆ, ಫಳಫಳ ಎನ್ನುತ್ತಿತ್ತು. ಮೇಲೆ 214 ಎಂದು ಕೊರೆದಿತ್ತು. ರತ್ನನ ಮುಖದ ಮುಂದೆ ಹಿಡಿಯಲು ಇದಕ್ಕಿಂತ ಬೇರೇನು ಬೇಕು? ಯಾರೂ ಇಲ್ಲದಾಗ ತೆಗೆದು ಲಂಗದ ಜೇಬಿಗೆ ಹಾಕಿಕೊಂಡೆ.

ಬೆಳಿಗ್ಗೆ ಮನೆಯೆಲ್ಲ ತಲೆಕೆಳಗಾಗಿತ್ತು. ಚಿಕ್ಕಪ್ಪ ಚಾಪೆ ಕೊಡವಿದರು, ಮಡಕೆಯ ಹಿಂದೆ ನೋಡಿದರು.

“ತಲೆ ಕತ್ತಿಗೆ ಅಂಟ್ಕೊಂಡೈತೆ, ಇಲ್ದಿದ್ರೆ ಅದ್ನೂ ಕಳೀತಿದ್ರಿ” ಎಂದರು ಚಿಕ್ಕಮ್ಮ.

“ತಮಾಸೆ ಅಲ್ಲ ಕಣೇ. ಟೋಕನ್ ಬಿಲ್ಲೆ ಇಲ್ದೆ ಗಣಿಗೆ ಇಳಿಯಾಕ್ ಬಿಡಲ್ಲ. ಓದ್ ತಿಂಗ್ಳೂ ಒಂದು ಕಳ್ದು ಬೈಸ್ಕೊಂಡಿದೀನಿ. ಈ ಸಲ ಕೆಲ್ಸದಿಂದ್ಲೇ ಬಿಡಿಸ್ತಾರೆ.”

ನಾನು ಬಾಗಿಲ ಹಿಂದೆ ನಿಂತಿದ್ದೆ. ‘ಇಲ್ಲಿದೆ’ ಎಂಬ ಒಂದು ಮಾತು ಸಾಕಿತ್ತು. ನಾಲಿಗೆ ಏಳಲಿಲ್ಲ. ಕೇಳಿಕೊಂಡಾದರೂ ನೋಡೋಣ ಎಂದು ಚಿಕ್ಕಪ್ಪ ಬರಿಗೈಯಲ್ಲೇ ಹೊರಟರು. ಹಿಂದೆಯೇ ಪಾಳಿಯ ಸೈರನ್ನು ಕೂಗಿತು. ಓಡಿದೆ.

“ಎಂಗೇ ಓಡ್ರೇ ಪಾಪಾ, ಎಲ್ಲಿಗೆ?” ಎಂದು ರಂಗೋಲಿ ಇಡುತ್ತಿದ್ದ ಪಕ್ಕದ ಮನೆಯ ತಮಿಳಮ್ಮ ಕೂಗಿದರು. ಎಲ್ಲರೂ ಹೋಗುತ್ತಿದ್ದ ಕಡೆಗೇ ಓಡಿದೆ.

ಗಣಿ ಬಾಗಿಲಲ್ಲಿ ಗಂಡಸರ ಬೆನ್ನುಗಳದೇ ಗೋಡೆ. ಬೀಡಿ ವಾಸನೆ, ಬೆವರಿನ ವಾಸನೆ. ಬೆನ್ನುಗಳ ಸಂದಿಯಲ್ಲಿ ಕಂಡಿತು: ಅಷ್ಟು ದೂರದ ಕಿಟಕಿಯಲ್ಲಿ ಗುಮಾಸ್ತ ಕೈ ಬೀಸಿ ‘ಹೋಗು ಹೋಗು’ ಅನ್ನುತ್ತಿದ್ದ, ಚಿಕ್ಕಪ್ಪ ತಲೆ ಬಗ್ಗಿಸಿ ನಿಂತಿದ್ದರು. ಬಾಯಿ ತೆರೆದೆ, ಗಾಳಿಯಷ್ಟೇ ಬಂತು. ಮತ್ತೆ ತೆರೆದೆ.

“ಇನ್ನೂರ ಅದಿನಾಲ್ಕು! ನಮ್ ಚಿಕ್ಕಪ್ಪಂದು! ನಾನೇ ಎತ್ಕೊಂಡಿದ್ದು!”

ಬೆನ್ನುಗಳೆಲ್ಲ ತಿರುಗಿದವು. ಮುಂದಿದ್ದ ಎತ್ತರದ ಆಸಾಮಿ ಬಗ್ಗಿ, “ಇತ್ತ ಕೊಡಮ್ಮಿ” ಎಂದ. ಬಿಲ್ಲೆ ಅವನ ಕೈಯಿಂದ ಮೇಲೆದ್ದು, ತಲೆಗಳ ಮೇಲೆ ಕೈಯಿಂದ ಕೈಗೆ ಹೋಯಿತು. ನಂಬರೂ ಅದರ ಜೊತೆಗೇ ಹೋಯಿತು: ಒಬ್ಬ ತೆಲುಗಿನಲ್ಲಿ ಕೂಗಿದ, ಇನ್ನೊಬ್ಬ ತಮಿಳಿನಲ್ಲಿ, ಕಿಟಕಿ ತಲುಪುವಾಗ ಮತ್ತೆ ಕನ್ನಡದಲ್ಲಿ. ಚಿಕ್ಕಪ್ಪ ತಿರುಗಿ ನೋಡಿದರು. ನಗು ತಡೆಯಲು ತುಟಿ ಕಚ್ಚಿಕೊಂಡು ಒಳಗೆ ಹೋದರು. ಆಗ ನೋಡಿ, ಬಾನಿಗೆ ಆತುಕೊಂಡಂತಿದ್ದ, ಗಣಿಗೆ ಜನರನ್ನು ಇಳಿಸುವ ದೊಡ್ಡ ಚಕ್ರ ಗಡಗಡನೆ ತಿರುಗತೊಡಗಿತು! ನಾನು ಕುಣಿದೇಬಿಟ್ಟೆ.

ಪಾಳಿ ಮುಗಿಸಿ ಗಣಿಯಿಂದ ಬಂದ ಚಿಕ್ಕಪ್ಪ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡರು.

“ಇಳಿಯೋವಾಗ ಈ ಬಿಲ್ಲೇನ ಅಲ್ಲಿ ಅಲಗೆಗೆ ತಗಲಾಕ್ತಾರಮ್ಮಿ. ಪಾಳಿ ಮುಗುದ್ ಮೇಲೂ ನೇತಾಡ್ತಿದ್ರೆ, ಇವನಿನ್ನೂ ಒಳಗೇ ಅವ್ನೆ ಅಂತ ಉಡುಕ್ತಾರೆ. ಇದಿಲ್ದೆ ಇಳುದ್ರೆ ನನ್ನ ಯಾರು ಉಡುಕ್ತಾರೆ?”

ಸೋಮವಾರ ರತ್ನ ಕೈ ಚಾಚಿದಳು: “ಏನ್ ತಂದೆ?”

ಏನೂ ತಂದಿರಲಿಲ್ಲ. ಅದಕ್ಕೇ ಮಾತಾಡಿದೆ. ಆ ದಿನ, ಮರುದಿನ, ಅದರ ಮರುದಿನವೂ. ಬೇರೆ ಕ್ಲಾಸಿನವರೂ ಬಂದು ಕೂತು ಕೇಳಿದರು.

ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಈಗಿಲ್ಲ. ಹೋದ ವರ್ಷ ಒಂದು ಮದುವೆಗೆ ಹೋದವಳು ಕೋರಮಂಡಲ್‌ನಲ್ಲಿ ಆಟೋ ನಿಲ್ಲಿಸಿದೆ. ಚಕ್ರ ತುಕ್ಕು ಹಿಡಿದು ನಿಂತಿತ್ತು. ಗೇಟಿಗೆ ಬೀಗ. ಅದರಾಚೆ, ಬೇಲಿಗಿಡಗಳ ನಡುವೆ, ಗುಮಾಸ್ತನ ಆ ಕಿಟಕಿ ಹಾಗೇ ಇತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಹೇಳಿದೆ: ಇನ್ನೂರ ಹದಿನಾಲ್ಕು.

‘ಇತ್ತ ಕೊಡಮ್ಮಿ’ ಎಂದು ಯಾರೂ ತಿರುಗಲಿಲ್ಲ.