ಚಪಾತಿ ಲಟ್ಟಿಸಿ ಮಸ್ಕತ್ತಿಗೆ ಹೋದವನು

ಪಿಳ್ಳಣ್ಣನ ಹೆಸರೆತ್ತಿದರೆ ಸಾಕು, ಸಾರಕ್ಕಿಯ ಮುನಿಯಣ್ಣನಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಉರಿಯದೆ ಇನ್ನೇನು? ರಾಡ್ ಹಿಡಿಯುವುದು ಯಾವ ಕಡೆಯಿಂದ ಅಂತಲೂ ಗೊತ್ತಿಲ್ಲದವನನ್ನು ಬನಶಂಕರಿಯ ತನ್ನ ವೆಲ್ಡಿಂಗ್ ಶೆಡ್ಡಿಗೆ ಕರೆತಂದು ಕೆಲಸ ಕಲಿಸಿದವನು ಮುನಿಯಣ್ಣ. ವಿಮಾನ ಹತ್ತಿದವನು ಮಾತ್ರ ಪಿಳ್ಳಣ್ಣ.

ಅದು ಎಪ್ಪತ್ತೊಂಬತ್ತನೇ ಇಸವಿ. ಗಲ್ಫ್ ಅಂದರೆ ಜನಕ್ಕೆ ಹುಚ್ಚು. ಮುನಿಯಣ್ಣನೂ ಪಾಸ್‌ಪೋರ್ಟ್ ಮಾಡಿಸಿಕೊಂಡು ಕಾದು ಕೂತಿದ್ದ. ಅಷ್ಟರಲ್ಲಿ ವಿಲ್ಸನ್ ಗಾರ್ಡನ್ನಿನ ಏಜೆಂಟ್ ಪಾಪಯ್ಯ ಕೈಯಲ್ಲಾಡಿಸಿಬಿಟ್ಟ.

“ವೆಲ್ಡರ್ ವೀಸಾ ಎಲ್ಲಾ ಬಂದ್ ಆಗೋಯ್ತು ಮುನಿಯಣ್ಣ. ಮಸ್ಕತ್ ಕಂಪನಿಯವ್ರು ಅಡುಗೆಯವ್ರನ್ನ ಮಾತ್ರ ಕೇಳ್ತಾವ್ರೆ. ಹಂಗೇ ಹೋಗು. ಅಲ್ಲಿ ನಿನ್ ಕೈಕೆಲ್ಸ ನೋಡಿದ್ಮೇಲೆ ಅವ್ರೇ ವೆಲ್ಡಿಂಗಿಗೆ ಹಾಕ್ಕೊತಾರೆ.”

“ಥೂ! ನಾನು ಸೌಟು ಹಿಡೀಬೇಕಾ?” ಎಂದು ಮುನಿಯಣ್ಣ ಎದ್ದು ಬಂದ.

ಜೊತೆಗೆ ಹೋಗಿದ್ದ ಪಿಳ್ಳಣ್ಣ ಸಂಜೆ ನೋಡಿದರೆ ಮುನಿಯಣ್ಣನದೇ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾನೆ! “ಅತ್ತಿಗೆ, ಚಪಾತಿ ಮಾಡೋದು ಹೇಳ್ಕೊಡಿ.”

ಮುನಿಯಣ್ಣನ ಹೆಂಡತಿ ರುದ್ರಮ್ಮ ಜಯನಗರದ ಮನೆಯೊಂದರಲ್ಲಿ ಅಡುಗೆಗೆ ಹೋಗುತ್ತಿದ್ದಳು. ತಮ್ಮ ಮನೆಯಲ್ಲಿ ದಿನವೂ ಮುದ್ದೆಯಾದರೂ ಆಕೆಗೆ ಚಪಾತಿಯ ಹದ ಗೊತ್ತಿತ್ತು. ಹಿಟ್ಟು ಕಲಸಿ ಗಂಡನನ್ನೂ ಕರೆದಳು. “ನೀವೂ ಕೂತ್ಕೊಳಿ. ಹೋದ್ರೆ ಇಬ್ರೂ ಹೋಗಿ.”

ಗೊಣಗಿಕೊಂಡೇ ಕೂತ. ಹಟಕ್ಕೆ ಬಿದ್ದು ಕಲಿತ. ಅವನ ಚಪಾತಿ ಹುಣ್ಣಿಮೆ ಚಂದ್ರನಂತೆ ದುಂಡಗೆ ಬಂತು. ಪಿಳ್ಳಣ್ಣನದು ಹರಿದ ಚಪ್ಪಲಿಯಂತೆ.

ಪರೀಕ್ಷೆ ನಡೆದದ್ದು ಪಾಪಯ್ಯನ ಹಿತ್ತಲಲ್ಲಿ. ಕಂಪನಿಯ ಸಾಹೇಬ ಕುರ್ಚಿ ಹಾಕಿಕೊಂಡು ಕೂತಿದ್ದ. ಮುನಿಯಣ್ಣ ತವಾ ಇಟ್ಟ. ಒಲೆಯ ಕಬ್ಬಿಣದ ಸ್ಟ್ಯಾಂಡು ಕುಂಟಿತು. ಬಗ್ಗಿ ಕಾಲಿನ ಬೆಸುಗೆ ನೋಡಿದ. ನೋಡಿದವನಿಗೆ ತಡೆಯಲಾಗಲಿಲ್ಲ.

“ಯಾವನ್ರೀ ಇದಕ್ಕೆ ವೆಲ್ಡಿಂಗ್ ಮಾಡಿದ್ದು? ಸಗಣಿ ಮೆತ್ತಿದಂಗೆ ಮೆತ್ತವ್ನೆ! ಅವನ ಕೈಗೆ ಬರೆ ಹಾಕ್ಬೇಕು!”

ಸಾಹೇಬ ತಲೆಯೆತ್ತಿದ. “ನೀನು ಅಡುಗೆಯವನಾ, ವೆಲ್ಡರಾ?”

“ಹದಿನೈದು ವರ್ಷದ ವೆಲ್ಡರ್ ಸಾರ್!” ಎಂದು ಮುನಿಯಣ್ಣ ಎದೆಯುಬ್ಬಿಸಿದ.

ಪಾಪಯ್ಯ ಹಣೆ ಚಚ್ಚಿಕೊಂಡ. “ಹಾಳಾಗೋಯ್ತಲ್ಲೋ, ನಿನ್ ಬಾಯಿಗಿಷ್ಟು!” ಮುನಿಯಣ್ಣನ ವೀಸಾ ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಪಿಳ್ಳಣ್ಣ ತಲೆ ತಗ್ಗಿಸಿ ತನ್ನ ಹರಿದ ಚಪ್ಪಲಿಯನ್ನು ಲಟ್ಟಿಸುತ್ತಲೇ ಇದ್ದ. ಆ ಬೆಸುಗೆ ಅವನದೇ. ಪಾಪಯ್ಯನನ್ನು ಒಲಿಸಿಕೊಳ್ಳಲು ಒಂದು ಭಾನುವಾರ ಮುನಿಯಣ್ಣನ ರಾಡುಗಳನ್ನೇ ಒಯ್ದು ಪುಕ್ಕಟೆ ಮಾಡಿಕೊಟ್ಟಿದ್ದ. ಇದು ಮುನಿಯಣ್ಣನಿಗೆ ತಿಳಿಯುವಷ್ಟರಲ್ಲಿ ಅಡುಗೆಯವನ ವೀಸಾ ಪಿಳ್ಳಣ್ಣನಿಗೇ ಸಿಕ್ಕಿ, ಅವನ ವಿಮಾನ ಹಾರಿಹೋಗಿತ್ತು.

ಎರಡು ವರ್ಷದ ಮೇಲೆ ಪಿಳ್ಳಣ್ಣ ಬಂದ. ಕೈಯಲ್ಲಿ ಟೂ-ಇನ್-ಒನ್ ರೇಡಿಯೊ, ಮೈತುಂಬ ಸೆಂಟು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಅವನೀಗ ಅಲ್ಲಿ ವೆಲ್ಡಿಂಗ್ ಮೇಸ್ತ್ರಿಯಂತೆ! ಸಗಣಿ ಮೆತ್ತಿದವನು ಮೇಸ್ತ್ರಿ.

“ಅಣ್ಣ, ನಿಮ್ಗೆ ಅಂತ ಅಡುಗೆಯವ್ನ ವೀಸಾ ಒಂದು ಹಿಡ್ಕೊಂಡಿದೀನಿ. ಆರು ತಿಂಗಳು ಹಿಟ್ಟು ನಾದಿ. ಆಮೇಲೆ ನನ್ ಕೈಕೆಳಗೆ ಹಾಕಿಸ್ಕೊತೀನಿ.”

“ನಿನ್ ಕೈಕೆಳಗಾ?”

“ಹೋಗ್ಬನ್ರಿ, ಏನಾಯ್ತೀಗ?” ಎಂದಳು ರುದ್ರಮ್ಮ. ಮನೆಯ ಮೇಲೆ ತಾರಸಿ ಹಾಕಿಸುವ ಆಸೆ ಆಕೆಗೆ. ಮುನಿಯಣ್ಣನಿಗೂ ಹೋಗುವ ಆಸೆ ಸತ್ತಿರಲಿಲ್ಲ. ರಾತ್ರಿ ಕನಸಿನಲ್ಲೂ ವಿಮಾನವೇ. ಆದರೆ ಪಿಳ್ಳಣ್ಣನ ಮುಖ ನೋಡಿದರೆ ಕೈ ಮುಂದೆ ಬರಲೊಲ್ಲದು.

“ನಿಮ್ ಋಣ ಇಟ್ಕೋಬಾರ್ದು ಅಂತ ಅಣ್ಣ,” ಎಂದ ಪಿಳ್ಳಣ್ಣ.

“ಇಟ್ಕೋ ಕಣ್ಲೇ! ಅದನ್ನ ತೀರಿಸ್ಬಿಟ್ರೆ ನಿನ್ನ ಬೈಯೋಕೆ ನಂಗೇನು ಉಳೀತದೆ?”

ಆ ವೀಸಾ ವಸಂತಪುರದ ಬೋರಯ್ಯನ ಪಾಲಾಯಿತು. ರುದ್ರಮ್ಮ ಗಂಡನ ಜೊತೆ ತಿಂಗಳು ಮಾತು ಬಿಟ್ಟಳು. ಆಮೇಲೂ ರಜಕ್ಕೆ ಬಂದಾಗಲೆಲ್ಲ ಪಿಳ್ಳಣ್ಣ ಶೆಡ್ಡಿನ ಮುಂದೆ ನಿಂತು, “ಈ ಸಲನಾದ್ರೂ ಬರ್ತೀರಾ ಅಣ್ಣ?” ಎಂದು ಕೇಳುತ್ತಿದ್ದ. ಮುನಿಯಣ್ಣ ಮುಖಕ್ಕೆ ವೆಲ್ಡಿಂಗಿನ ಕಪ್ಪು ಗಾಜು ಅಡ್ಡ ಹಿಡಿದು, ಅವನ ಪ್ಯಾಂಟಿನ ಮೇಲೆ ಬೀಳುವಂತೆ ಕಿಡಿ ಹಾರಿಸುತ್ತಿದ್ದ. ಋಣ ಮಾತ್ರ ತೀರಲಿಲ್ಲ.