ಬೀಳದ ಸೋಮವಾರಗಳು

ಚಿಂತಾಮಣಿಯ ಖಾಸಗಿ ಕಾಲೇಜೊಂದರಲ್ಲಿ ನಾನು ಕಾಮರ್ಸ್ ಹೇಳಿಕೊಡುತ್ತಿದ್ದೆ. ಎರಡು ಸಾವಿರದ ದಶಕ ಅರ್ಧ ಕಳೆದಿತ್ತು. ಎಂ.ಫಿಲ್ ಮುಗಿಸಿದರೆ ಮಾತ್ರ ಕೆಲಸ ಕಾಯಂ ಎಂದು ಆಡಳಿತ ಮಂಡಳಿ ಕಡ್ಡಿ ಮುರಿದಂತೆ ಹೇಳಿತ್ತು. ಷೇರುಪೇಟೆ ಸೋಮವಾರ ಬೀಳುತ್ತದೆ, ಶುಕ್ರವಾರ ಏಳುತ್ತದೆ ಎಂಬ ಮಾತು ನಿಜವೇ ಎಂಬುದು ನನ್ನ ವಿಷಯ. ತೊಂಬತ್ತರ ದಶಕದ ಅಂಕಿಗಳನ್ನು ಜೋಡಿಸಿದೆ. ಸೋಮವಾರಗಳು ಹೇಳಿ ಮಾಡಿಸಿದಂತೆ ಬಿದ್ದವು. ಸ್ಟಾಫ್ ರೂಮಿನಲ್ಲಿ ನನ್ನ ನಡಿಗೆಯೇ ಬದಲಾಯಿತು.

ಆಮೇಲಿನ ವರ್ಷಗಳನ್ನು ಸೇರಿಸಿದೆ ನೋಡಿ, ಸೋಮವಾರ ಬೀಳಲೇ ಇಲ್ಲ. ಒಂದು ವರ್ಷ ಮಂಗಳವಾರ ಬಿತ್ತು, ಇನ್ನೊಂದು ವರ್ಷ ಯಾವ ದಿನವೂ ನನ್ನ ಮಾತು ಕೇಳಲಿಲ್ಲ. ಲೆಕ್ಕ ತಪ್ಪಿರಬೇಕೆಂದು ಮತ್ತೆ ಮಾಡಿದೆ. ತಪ್ಪಿರಲಿಲ್ಲ. ಹಾಳೆಗಳನ್ನು ಹಿಡಿದು ಚಿಕ್ಕಬಳ್ಳಾಪುರದಲ್ಲಿದ್ದ ನನ್ನ ಮಾರ್ಗದರ್ಶಕರ ಮನೆಗೆ ಹೋದೆ.

“ಆ ಹೊಸ ವರ್ಷಗಳನ್ನ ಬಿಟ್ಬಿಡಮ್ಮ,” ಎಂದರು. “ಹಳೇದು ಎಷ್ಟು ಚೆನ್ನಾಗ್ ಬಂದಿದೆ. ಏನೂ ಸಿಗಲಿಲ್ಲ ಅಂತ ಬರೆದ್ರೆ ಪರೀಕ್ಷಕರು ವಾಪಸ್ ಕಳಿಸ್ತಾರೆ. ಆಮೇಲೆ ನಿನ್ನ ಕೆಲಸದ ಗತಿ?”

ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೂ ಮೈ ಉರಿಯಿತು. ಬೇಡದ ವರ್ಷಗಳನ್ನು ಬಿಡಲು ಅವೇನು ಅಕ್ಕಿಯಲ್ಲಿನ ಕಲ್ಲೇ?

ವಾಪಸಾಗುವಾಗ ಬಸ್ಸು ಶಿಡ್ಲಘಟ್ಟದಲ್ಲಿ ನಿಂತಿತು. ನೂಲು ತೆಗೆಯುವ ಮನೆಗಳಿಂದ ಬೇಯಿಸಿದ ರೇಷ್ಮೆಗೂಡಿನ ವಾಸನೆ ಕಿಟಕಿಯೊಳಗೆ ನುಗ್ಗಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ಹುಳು ಮೇಯಿಸುವ ಮನೆಯಲ್ಲಿ ಬೆಳೆದ ನನಗೆ ಅಪ್ಪ ನೆನಪಾದರು.

ಜಂಗಮಕೋಟೆ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಒಂದು ವರ್ಷ ಆಷಾಢದಲ್ಲಿ ಗೂಡು ಮಾರಿ ಕೈ ಸುಟ್ಟುಕೊಂಡಿದ್ದರು. ಆಷಾಢದಲ್ಲಿ ಮದುವೆ ಇಲ್ಲ, ರೇಷ್ಮೆ ಕೇಳುವವರಿಲ್ಲ. “ಬರೋ ವರ್ಷ ಶ್ರಾವಣಕ್ಕೆ ಗೂಡು ಬರೋ ಹಂಗೆ ಹುಳ ತರಣ,” ಎಂದರು. ಹಾಗೆಯೇ ತಂದರು. ಶ್ರಾವಣದಲ್ಲಿ ಅವರ ಜೊತೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದರೆ ಕಾಲಿಡಲು ಜಾಗವಿಲ್ಲ. ಸಾದಲಿ ಕಡೆಯವರು, ನಮ್ಮ ಕಡೆಯವರು, ಎಲ್ಲರೂ ಅದೇ ಲೆಕ್ಕ ಹಾಕಿದ್ದರು. ರೇಟು ಆಷಾಢಕ್ಕಿಂತ ಕೆಳಗಿತ್ತು. ಅಪ್ಪ ನಕ್ಕುಬಿಟ್ಟರು.

“ಎಲ್ಲಾರೂ ಜಾಣ್ರಾಗ್ಬಿಟ್ವಲ್ಲಮ್ಮ, ಇನ್ನೆಲ್ಲಿಂದ ಬರುತ್ತೆ ರೇಟು?”

ಬಸ್ಸು ಹೊರಡುವಷ್ಟರಲ್ಲಿ ನನ್ನ ಮನಸ್ಸು ಗಟ್ಟಿಯಾಗಿತ್ತು. ಷೇರುಪೇಟೆಯಲ್ಲೂ ಹಾಗೇ ಆಗಿತ್ತು. ವಾರಕ್ಕೊಮ್ಮೆ ಲೆಕ್ಕ ಚುಕ್ತಾ ಮಾಡುವ ಪದ್ಧತಿ ಹೋಗಿತ್ತು. ಕಂಪ್ಯೂಟರಿನಲ್ಲಿ ಕೊಳ್ಳುವವರು ಹೆಚ್ಚಿದ್ದರು. ಸೋಮವಾರದ ಗುಟ್ಟು ಎಲ್ಲರ ಬಾಯಲ್ಲಿತ್ತು; ಅಗ್ಗವೆಂದು ಎಲ್ಲರೂ ಅಂದೇ ಕೊಳ್ಳಹೋದರೆ ಬೆಲೆ ಬೀಳುವುದೆಲ್ಲಿ? ಸೋಮವಾರ ಬೀಳುವುದನ್ನು ಏಕೆ ನಿಲ್ಲಿಸಿತು ಎಂಬುದನ್ನೇ ಕಡೆಯ ಅಧ್ಯಾಯ ಮಾಡಿದೆ.

ಮಾರ್ಗದರ್ಶಕರು ಹಣೆ ಚಚ್ಚಿಕೊಂಡೇ ಸಹಿ ಹಾಕಿದರು. “ಹಠಮಾರಿ ಕಣಮ್ಮ ನೀನು.”

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಪುಟ ತಿರುವಿ ಕೇಳಿದರು: “ಹಾಗಾದ್ರೆ ಷೇರು ಯಾವ ದಿನ ಕೊಳ್ಳಬೇಕಮ್ಮ?”

ಮಾರ್ಗದರ್ಶಕರು ನೆಲ ನೋಡಿದರು.

“ನಂಗೆ ಗೊತ್ತಿತ್ತು ಸರ್,” ಎಂದೆ, “ಹೊಸ ವರ್ಷಗಳನ್ನ ಸೇರಿಸೋವರೆಗೂ.”

ಪರೀಕ್ಷಕರು ನಗಲಿಲ್ಲ. ಕಡೆಯ ಅಧ್ಯಾಯ ಸಾಲದು, ಮತ್ತೆ ಬರೆದು ತನ್ನಿ ಎಂದು ವಾಪಸ್ ಕಳಿಸಿದರು. ಕಾಲೇಜಿಗೆ ನನ್ನ ನಂತರ ಸೇರಿದವನ ಕೆಲಸ ಆ ವರ್ಷ ಕಾಯಂ ಆಯಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅವನು ಹಂಚಿದ ಮೈಸೂರು ಪಾಕು ತಿಂದು ಮತ್ತೆ ಬರೆಯಲು ಕುಳಿತೆ.

ಪದವಿಯೂ ಕೆಲಸವೂ ಒಂದು ವರ್ಷ ತಡವಾಗಿ ಬಂದವು. ನನ್ನ ಪ್ರಬಂಧದಲ್ಲಿ ಆ ಬೀಳದ ಸೋಮವಾರಗಳು ಒಂದೂ ಕಡಿಮೆಯಾಗದೆ ಈಗಲೂ ಇವೆ.