ಆಬಾ ಎಂದಾಗ ತಿರುಗಿದವರು

೧೯೭೮ರಲ್ಲಿ ನಾನು ಯಶವಂತಪುರ ಸ್ಟೇಷನ್ನಿನಲ್ಲಿ ಸಹಾಯಕ ಸ್ಟೇಷನ್ ಮಾಸ್ಟರ್. ಮೈಕಿನಲ್ಲಿ ಕೂಗುವ ಕೆಲಸವೂ ನನ್ನ ತಲೆಗೇ ಕಟ್ಟಿದ್ದರು.

ಒಂದು ಬೆಳಿಗ್ಗೆ ಮೀರಜ್ ಕಡೆಯ ಗಾಡಿ ಬಂದು ಹೋದ ಮೇಲೆ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನಿಪ್ಪಾಣಿಯವಳು, ಗಂಡ ಜಾಲಹಳ್ಳಿ ಕಾರ್ಖಾನೆಯಲ್ಲಿದ್ದ.

"ನೀರು ತರೂದ್ರಾಗ ಮಾವನವರು ಕಾಣವಲ್ರು, ಸಾಹೇಬ್ರ. ಅವರಿಗೆ ಮರವು ಭಾಳ."

"ಹೆಸರೇನಮ್ಮಾ?"

"ಅಯ್ಯ, ಅವರ ಹೆಸರು ನಾ ಹೆಂಗ ತಗೋಲಿ ರೀ?"

ತಲೆ ಚಚ್ಚಿಕೊಂಡೆ. ಕೊನೆಗೆ ಜೊತೆಗೆ ತಂದಿದ್ದ ಟ್ರಂಕಿನ ಮೇಲೆ ಬಣ್ಣದಲ್ಲಿ ಬರೆದಿದ್ದ ಹೆಸರು ತೋರಿಸಿದಳು. "ಪಾಂಡುರಂಗರಾವ್ ಅವರು ಎಲ್ಲಿದ್ದರೂ ಬರಬೇಕು" ಎಂದು ಮತ್ತೆ ಮತ್ತೆ ಕೂಗಿದೆ. ಯಾರೂ ಬರಲಿಲ್ಲ.

ಕಿಟಕಿಯಿಂದ ಹೊರಗೆ ನೋಡಿದೆ. ಪ್ಲಾಟ್‌ಫಾರ್ಮಿನ ತುದಿಯಾಚೆ, ಬಿಳಿ ಟೋಪಿಯ ಮುದುಕರೊಬ್ಬರು ಹಳಿಗಳ ನಡುವೆ ನಿಧಾನವಾಗಿ ನಡೆದು ಹೋಗುತ್ತಿದ್ದಾರೆ. "ಅವರೇ ರೀ!" ಎಂದಳು ಸೊಸೆ. ಅವರ ಬೆನ್ನ ಹಿಂದೆ ಅದೇ ಹಳಿಯಲ್ಲಿ ಗೂಡ್ಸ್ ವ್ಯಾಗನ್‌ಗಳು. ಎಂಜಿನ್ ಇದ್ದದ್ದು ಹಿಂದಿನ ತುದಿಯಲ್ಲಿ, ವ್ಯಾಗನ್‌ಗಳನ್ನು ತಳ್ಳುತ್ತಿತ್ತು. ಡ್ರೈವರಿಗೆ ಇವರು ಕಾಣುವ ಮಾತೇ ಇಲ್ಲ. ಪೋರ್ಟರನ್ನು ಓಡಿಸಿದೆ, ಅವನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

"ಪಾಂಡುರಂಗರಾವ್! ಹಳಿ ಬಿಡ್ರೀ!" ಗಂಟಲು ಹರಿಯುವಂತೆ ಮೈಕಿನಲ್ಲಿ ಕಿರುಚಿದೆ. ಮುದುಕರು ತಿರುಗಲೇ ಇಲ್ಲ.

"ಆ ಹೆಸರಿನಿಂದ ಯಾರೂ ಕರೆಯಂಗಿಲ್ರೀ," ಸೊಸೆ ನನ್ನ ಪಕ್ಕಕ್ಕೇ ಬಂದಳು. "ಸಣ್ಣವರಿದ್ದಾಗಿಂದ ಮನ್ಯಾಗ, ಓಣ್ಯಾಗ, ಎಲ್ಲಾರೂ ಆಬಾ ಅಂತಾರ."

"ಹಾಗಾದ್ರೆ ನೀನೇ ಕೂಗಮ್ಮ!"

"ಮಾವನವರಿಗೆ ನಾ ಒದರೂದೇನ್ರೀ?"

"ಅಯ್ಯೋ, ಸತ್ತೇ ಹೋಗ್ತಾರೆ ಕಣಮ್ಮಾ!"

ಮೈಕನ್ನು ಅವಳ ಬಾಯಿಗೆ ಹಿಡಿದೆ. "ಆಬಾ! ಬಾಜೂಲಾ ವ್ಹಾ! ಗಾಡಿ ಆಲಿ!" ಪಕ್ಕಕ್ಕೆ ಸರಿಯಿರಿ, ಗಾಡಿ ಬಂತು ಎಂದು ಮರಾಠಿಯಲ್ಲಿ; ಗಡಿ ಊರಿನ ಅವರಿಗೆ ಎರಡೂ ಮನೆಮಾತು. ಸ್ಟೇಷನ್ನೇ ಅದುರಿತು. ಜೀವ ಹೋಗುವ ಹೊತ್ತಲ್ಲೂ ಬಹುವಚನ ಬಿಡಲಿಲ್ಲ ಮಾರಾಯ್ತಿ!

ಮುದುಕರು ಮನೆಯೊಳಗಿಂದ ಯಾರೋ ಕರೆದಂತೆ ತಿರುಗಿದರು, ಹಳಿ ದಾಟಿ ಬದಿಗೆ ನಿಂತರು. ವ್ಯಾಗನ್‌ಗಳು ಅವರ ಪಕ್ಕದಲ್ಲೇ ಹಾದುಹೋದವು. ನಾನು ಮೈಕ್ ಆರಿಸಿದೆ.

ಪೋರ್ಟರ್ ಅವರನ್ನು ಕರೆತಂದಾಗ ಸೊಸೆ ಕಾಲಿಗೆ ಬಿದ್ದು ಅಳುತ್ತಿದ್ದಳು. "ಒದರಿದೆ ಆಬಾ, ತಪ್ಪಾತು."

"ನೀ ಒದರಿದ್ದೇನು?" ಮುದುಕರು ಬೆರಗಾಗಿ ಅವಳ ತಲೆ ಸವರಿದರು. "ನಾ ನಮ್ಮವ್ವ ಕರೆದ್ಲು ಅನ್ಕೊಂಡೆ."

ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಹೆತ್ತ ತಂದೆಯನ್ನು ನಾವೆಲ್ಲ ಕರೆಯುವುದು ಅಣ್ಣ ಎಂದೇ. ಅವರ ಹೆಸರನ್ನು ಮೈಕಿನಲ್ಲಿ ಕೂಗಿದರೆ ಅವರೂ ತಿರುಗುತ್ತಿರಲಿಲ್ಲವೇನೋ. ಅಂದಿನಿಂದ ರಿಟೈರ್ ಆಗುವವರೆಗೂ, ಹಿರಿಯರು ಕಾಣಿಸುತ್ತಿಲ್ಲವೆಂದು ಯಾರೇ ಓಡಿ ಬರಲಿ, ನಾನು ಮೊದಲು ಕೇಳುತ್ತಿದ್ದುದು ಇಷ್ಟೇ: "ಮನೇಲಿ ಏನಂತ ಕರೀತೀರಿ?"